7-4 ಎಂಬ ಫಲಿತಾಂಶದಲ್ಲಿ ಕಾಣದ ಡಬಲ್ 2

ಲೂಕ್ ಹಂಫ್ರೀಸ್ 7, ಲೂಕ್ ಲಿಟ್ಲರ್ 4. 2024ರ ಜನವರಿ 3ರಂದು ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಲ್ಲಿ ನಡೆದ ವಿಶ್ವ ಡಾರ್ಟ್ಸ್ ಫೈನಲ್ ಹೀಗೆ ಮುಗಿಯಿತು. ಮೂರು ಸೆಟ್ಟಿನ ಅಂತರ ನೋಡಿದವರಿಗೆ ಹಂಫ್ರೀಸ್ ಸಲೀಸಾಗಿ ಗೆದ್ದ ಹಾಗೆ ಕಾಣುತ್ತದೆ. ಜೊತೆಗೆ ಲಿಟ್ಲರ್ ಬಗ್ಗೆ "ಹದಿನಾರರ ಹುಡುಗ, ಒತ್ತಡ ತಡೆಯಲಾಗಲಿಲ್ಲ" ಅನ್ನುವ ಮಾತೂ ಸೇರಿಕೊಳ್ಳುತ್ತದೆ. ಇವೆರಡನ್ನೂ ನಾನು ಒಪ್ಪುವುದಿಲ್ಲ. ಏಕೆ ಅಂತ ಹೇಳಬೇಕಾದರೆ ಬೋರ್ಡಿನ ಹತ್ತಿರ ಹೋಗಿ, ಬಲಗಡೆ ಕೆಳಗಿರುವ 2ರ ಡಬಲ್ಲನ್ನು, ಅಂದರೆ ಅಂಕ ಇಮ್ಮಡಿಯಾಗುವ ಹೊರಸುತ್ತಿನ ತುಂಡನ್ನು, ನೋಡಬೇಕು.

ಮೊದಲು ಪಂದ್ಯ ನಿಂತಿದ್ದ ಜಾಗ. ಫೈನಲ್ ಗೆಲ್ಲಲು ಏಳು ಸೆಟ್ ಬೇಕು, ಒಂದು ಸೆಟ್ ಗೆಲ್ಲಲು ಮೂರು ಲೆಗ್. ಪ್ರತಿ ಲೆಗ್ಗಿನಲ್ಲಿ ಸರದಿಗೆ ಮೂರು ಡಾರ್ಟಿನಂತೆ ಎಸೆದು, ಬಿದ್ದ ಅಂಕವನ್ನು 501ರಿಂದ ಕಳೆಯುತ್ತಾ ಬಂದು, ಕೊನೆಯ ಡಾರ್ಟು ಡಬಲ್ಲಿಗೆ ಬಿದ್ದು ಸರಿಯಾಗಿ ಸೊನ್ನೆಯಾಗಬೇಕು. ಆರು ಸೆಟ್ ಮುಗಿದಾಗ ಲಿಟ್ಲರ್ 4-2 ಮುಂದಿದ್ದ. ಏಳನೇ ಸೆಟ್ಟಿನಲ್ಲಿ 5-2 ಮಾಡಿಕೊಳ್ಳಲು ಡಬಲ್ 2ಕ್ಕೆ ಒಂದು ಡಾರ್ಟ್ ಸಿಕ್ಕಿತು, ಅದು ತಪ್ಪಿತು. ಆ ಸೆಟ್ ಹಂಫ್ರೀಸ್ ಪಾಲಾಯಿತು, ಅಲ್ಲಿಂದ ಮುಂದಿನ ನಾಲ್ಕೂ ಅವನದೇ. ಒಟ್ಟು ಸತತ ಐದು ಸೆಟ್. 5-2 ಆಗಿದ್ದಿದ್ದರೆ ಲಿಟ್ಲರ್‌ಗೆ ಇನ್ನು ಎರಡು ಸೆಟ್ ಸಾಕಿತ್ತು, ಹಂಫ್ರೀಸ್‌ಗೆ ಐದು ಬೇಕಿತ್ತು. 4-3 ಆದಾಗ ಒಬ್ಬನಿಗೆ ಮೂರು, ಇನ್ನೊಬ್ಬನಿಗೆ ನಾಲ್ಕು. ಒಂದು ಡಾರ್ಟಿನ ಬೆಲೆ ಅಷ್ಟು.

ಈಗ ಆ ಡಬಲ್. ಹೊರಸುತ್ತಿನ ಡಬಲ್ ಪಟ್ಟಿಯ ಅಗಲ 8 ಮಿಲಿಮೀಟರ್, ಒಂದೊಂದು ಅಂಕಿಯ ಪಾಲಿಗೆ ಬರುವ ಉದ್ದ ಸುಮಾರು 52 ಮಿಲಿಮೀಟರ್. ಒಳಸುತ್ತಿನಲ್ಲಿ ಅಂಕ ಮೂರು ಪಟ್ಟಾಗುವ ಟ್ರೆಬಲ್ಲಿನ ಅಗಲವೂ 8 ಮಿಲಿಮೀಟರೇ, ಉದ್ದ ಮಾತ್ರ 32ರ ಆಸುಪಾಸು. ಅಳತೆಯಲ್ಲಿ ಡಬಲ್ಲೇ ದೊಡ್ಡದು. ಆದರೂ ಡಬಲ್ ಕಷ್ಟ, ಯಾಕೆಂದರೆ ಟ್ರೆಬಲ್ 20 ತಪ್ಪಿದರೆ 20 ಆದರೂ ಸಿಗುತ್ತದೆ, ಡಬಲ್ ಹೊರಗೆ ತಪ್ಪಿದರೆ ಏನೂ ಇಲ್ಲ, ಒಳಗೆ ತಪ್ಪಿದರೆ ಲೆಕ್ಕವೇ ಬದಲಾಗುತ್ತದೆ. ಎಸೆಯುವ ಗೆರೆ ಬೋರ್ಡಿನ ಮುಖದಿಂದ 2.37 ಮೀಟರ್ ದೂರ. ಅಲ್ಲಿಂದ 8 ಮಿಲಿಮೀಟರ್ ಅಂದರೆ ಒಂದು ಡಿಗ್ರಿಯ ಐದನೇ ಒಂದು ಭಾಗಕ್ಕಿಂತಲೂ ತುಸು ಕಡಿಮೆ. ಬೆರಳು ಒಂದು ಕ್ಷಣ ತಡವಾಗಿ ಬಿಟ್ಟರೆ ಡಾರ್ಟ್ ತಂತಿಯ ಆ ಕಡೆ.

ಎಲ್ಲ ಡಬಲ್ಲೂ ಒಂದೇ ಅಂದುಕೊಳ್ಳಬಾರದು. 20ರ ಡಬಲ್ ಮೇಲ್ತುದಿಯಲ್ಲಿ ಅಡ್ಡ ಮಲಗಿರುತ್ತದೆ. ಅಲ್ಲಿ ಎಡಬಲಕ್ಕೆ ಧಾರಾಳ ಜಾಗ, ಮೇಲೆ ಕೆಳಗೆ ಮಾತ್ರ ಎಚ್ಚರ. 6 ಮತ್ತು 11ರ ಡಬಲ್‌ಗಳು ಎರಡು ಪಕ್ಕದಲ್ಲಿ ನೆಟ್ಟಗೆ ನಿಂತಿರುತ್ತವೆ, ಅಲ್ಲಿ ಎಡಬಲದ ತಪ್ಪಿಗೆ ಕ್ಷಮೆ ಇಲ್ಲ. 16ರ ಡಬಲ್ ಎಡಗಡೆ ಕೆಳಗೆ ಓರೆಯಾಗಿದೆ. ಎಷ್ಟೋ ಆಟಗಾರರು 32 ಉಳಿಸಿಕೊಳ್ಳಲು ಹೆಣಗುವುದು ಅರ್ಧ ಮಾಡುತ್ತಾ ಹೋಗಬಹುದು ಅಂತ. ಒಳಗೆ ತಪ್ಪಿ ಬರೀ 16 ಬಿದ್ದರೆ 16 ಉಳಿಯುತ್ತದೆ, ಡಬಲ್ 8. ಅದೂ ಒಳಗೆ ತಪ್ಪಿದರೆ ಡಬಲ್ 4, ಆಮೇಲೆ ಡಬಲ್ 2, ಕೊನೆಗೆ ಡಬಲ್ 1. 40ರಲ್ಲಿ ನಿಂತವನಿಗೆ ಈ ಅನುಕೂಲ ಬೇಗ ಮುಗಿಯುತ್ತದೆ: 20, 10, ಆಮೇಲೆ 5 ಉಳಿದು ಬೆಸವಾಗುತ್ತದೆ, ಒಂದು ಡಾರ್ಟ್ ಖರ್ಚು ಮಾಡಿ ಸಮ ಮಾಡಿಕೊಳ್ಳಬೇಕು.

ಅರ್ಧದ ದಾರಿಯ ತೊಂದರೆ ಕೈಗೆ ಗೊತ್ತಾಗುವುದು ಕೆಳಕ್ಕೆ ಇಳಿದ ಮೇಲೆ. 16 ಮತ್ತು 8 ಅಕ್ಕಪಕ್ಕ, ಕೈ ಹೆಚ್ಚು ಕದಲಬೇಕಿಲ್ಲ. 4 ಇರುವುದು 16ಕ್ಕೆ ನೇರ ಎದುರು, ಬಲಗಡೆ ಮೇಲೆ. ಅಲ್ಲಿಂದ 2 ಬಲಗಡೆ ಕೆಳಗೆ. 1 ಮತ್ತೆ ಮೇಲೆ, 20ರ ಪಕ್ಕ. ಅಂದರೆ ಒಂದೇ ಸರದಿಯ ಮೂರು ಡಾರ್ಟಿನಲ್ಲಿ ಕಣ್ಣು, ಮೊಣಕೈ, ಕಾಲಿನ ಭಾರ ಎಲ್ಲವೂ ಬೋರ್ಡನ್ನು ಸುತ್ತಬೇಕು. ಸರದಿಯ ಕೊನೆಯ ಡಾರ್ಟಿಗೆ ಡಬಲ್ 2 ಉಳಿಯುವುದು ಸಾಮಾನ್ಯವಾಗಿ ಅದರ ಹಿಂದಿನದು ಎಲ್ಲೋ ಒಳಗೆ ತಪ್ಪಿದಾಗ. ಆಟಗಾರ ಬಯಸಿ ಅಲ್ಲಿಗೆ ಬರುವುದಿಲ್ಲ, ದೂಡಿಸಿಕೊಂಡು ಬರುತ್ತಾನೆ.

2ರ ಅಕ್ಕಪಕ್ಕ ಇರುವುದು 15 ಮತ್ತು 17. ಕೈಯಲ್ಲಿ 4 ಇರುವಾಗ ಎರಡರಲ್ಲಿ ಯಾವುದಕ್ಕೆ ಜಾರಿದರೂ ಬಸ್ಟ್: ಸರದಿ ಅಲ್ಲಿಗೇ ಮುಗಿಯುತ್ತದೆ, ಆ ಸರದಿಯ ಲೆಕ್ಕವೆಲ್ಲ ಹಿಂದಕ್ಕೆ ಹೋಗುತ್ತದೆ. ಡಬಲ್ 16ರಲ್ಲಿ ಹೀಗಿಲ್ಲ. ಪಕ್ಕದ 8ಕ್ಕೆ ಜಾರಿದರೂ 24 ಉಳಿದು ಡಬಲ್ 12 ಸಿಗುತ್ತದೆ. ಆದ್ದರಿಂದ "ಅಯ್ಯೋ, ಬರೀ ಡಬಲ್ 2 ತಪ್ಪಿಸಿದ" ಅನ್ನುವಾಗ ಆ "ಬರೀ" ನನಗೆ ಒಪ್ಪಿಗೆಯಾಗುವುದಿಲ್ಲ.

ಅವತ್ತು ಆ ಹುಡುಗನ ಕೈ ನಡುಗಿತ್ತು ಅನ್ನಲು ಉಳಿದ ಅಂಕಿಗಳಲ್ಲಿ ಆಧಾರವೇ ಇಲ್ಲ. ಮೊದಲ ಸುತ್ತಿನಲ್ಲಿ ಕ್ರಿಶ್ಚಿಯನ್ ಕಿಸ್ಟ್ ವಿರುದ್ಧ ಮೂರು ಡಾರ್ಟಿಗೆ 106.12ರ ಆವರೇಜ್, ನಾಲ್ಕನೇ ಸುತ್ತಿನಲ್ಲಿ ಐದು ಬಾರಿಯ ವಿಶ್ವ ಚಾಂಪಿಯನ್ ರೇಮಂಡ್ ವ್ಯಾನ್ ಬಾರ್ನವೆಲ್ಡ್ ಮೇಲೆ 4-1, ಸೆಮಿಫೈನಲ್ಲಿನಲ್ಲಿ 2018ರ ಚಾಂಪಿಯನ್ ರಾಬ್ ಕ್ರಾಸ್ ಮೇಲೆ 6-2. ಫೈನಲ್ಲಿನಲ್ಲೂ ಹಂಫ್ರೀಸ್ ಆವರೇಜ್ 103.67 ಇದ್ದರೆ ಇವನದು 101.13. ನೂರರ ಮೇಲೆ ಎಸೆದವನನ್ನು ಕುಸಿದ ಅನ್ನುವುದು ಹೇಗೆ?

ಆವರೇಜನ್ನೇ ಹಿಡಿದು ಕೂರುವವರಿಗೂ ಒಂದು ಲೆಕ್ಕ ಇದೆ. ಆವರೇಜ್ ಅಂದರೆ ಮೂರು ಡಾರ್ಟಿಗೆ ಬಿದ್ದ ಅಂಕ. ಒಬ್ಬ ಲೆಗ್ಗನ್ನು ಮೊದಲು ಶುರು ಮಾಡಿ 15ನೇ ಡಾರ್ಟಿಗೆ ಮುಗಿಸಿದ ಅಂದುಕೊಳ್ಳಿ, ಅವನ ಆವರೇಜ್ 100.2. ಎರಡನೆಯವನು ಆ ಹೊತ್ತಿಗೆ 12 ಡಾರ್ಟಿನಲ್ಲಿ 461 ಕಳೆದು 40ರಲ್ಲಿ ಕಾಯುತ್ತಿದ್ದಾನೆ. ಅವನ ಆವರೇಜ್ 115.25, ಆದರೆ ಲೆಗ್ ಸೋತ. ಡಬಲ್ಲಿಗೆ ಒಂದು ಡಾರ್ಟ್ ಎಸೆಯುವ ಅವಕಾಶವೂ ಅವನಿಗೆ ಬರಲಿಲ್ಲ. ಮೊದಲು ಎಸೆಯುವ ಸರದಿಯ ಬೆಲೆ ಇದು. ಅದಕ್ಕೇ ಫಲಿತಾಂಶದ ಪಟ್ಟಿ ನೋಡುವಾಗ ನಾನು ಆವರೇಜಿಗಿಂತ ಮೊದಲು ಡಬಲ್‌ಗಳ ಸಾಲು ನೋಡುತ್ತೇನೆ: ಎಷ್ಟು ಡಾರ್ಟ್ ಎಸೆದರು, ಎಷ್ಟು ಬಿದ್ದವು.

ಹಂಫ್ರೀಸ್ ಬಗ್ಗೆ ಹೇಳದೆ ಬಿಟ್ಟರೆ ಅನ್ಯಾಯ. ಆ ಟೂರ್ನಿಯಲ್ಲಿ ಅವನು ಫೈನಲ್ಲಿಗೆ ಬರದೇ ಹೋಗುವ ಸಾಧ್ಯತೆಯೂ ಇತ್ತು. ರಿಕಾರ್ಡೊ ಪೀಟ್ರೆಚ್ಕೊ ವಿರುದ್ಧ 1-3 ಹಿಂದಿದ್ದು 4-3 ಗೆದ್ದ, ಮುಂದಿನ ಸುತ್ತಿನಲ್ಲಿ ಜೋ ಕಲನ್ ಮೇಲೂ 4-3. ಸೆಮಿಫೈನಲ್ಲಿನಲ್ಲಿ ಸ್ಕಾಟ್ ವಿಲಿಯಮ್ಸ್‌ಗೆ ಒಂದೂ ಸೆಟ್ ಕೊಡದೆ 6-0, ಆವರೇಜ್ 108.74. ಅದಕ್ಕೆ ಮುಂಚೆ 2023ರ ಅಕ್ಟೋಬರಿನಲ್ಲಿ ಲೆಸ್ಟರ್‌ನಲ್ಲಿ ವರ್ಲ್ಡ್ ಗ್ರ್ಯಾಂಡ್ ಪ್ರಿ ಗೆದ್ದಿದ್ದ. ಆ ಟೂರ್ನಿಯಲ್ಲಿ ಲೆಗ್ ಮುಗಿಸಲು ಮಾತ್ರವಲ್ಲ, ಶುರು ಮಾಡಲೂ ಡಬಲ್ ಬೇಕು. ಎದುರಾಳಿ ಒಂದು ಬಾಗಿಲು ತೆರೆದಿಟ್ಟ ಗಳಿಗೆಯಲ್ಲಿ ನುಗ್ಗುವ ಅಭ್ಯಾಸ ಅವನ ಕೈಗೆ ಆಗಲೇ ಇತ್ತು.

ಇದು ಒಂದೇ ಪಂದ್ಯದ ಕಥೆಯೂ ಅಲ್ಲ. ಅದರ ಹಿಂದಿನ ವರ್ಷ, 2023ರ ಫೈನಲ್ಲಿನ ಎರಡನೇ ಸೆಟ್ಟಿನಲ್ಲಿ ಮೈಕಲ್ ವ್ಯಾನ್ ಗರ್ವೆನ್ ಎಂಟು ಡಾರ್ಟ್ ಕರಾರುವಾಕ್ಕಾಗಿ ಎಸೆದು ಒಂಬತ್ತನೆಯದನ್ನು ಡಬಲ್ 12ರಲ್ಲಿ ತಪ್ಪಿಸಿದ. ಅದೇ ಲೆಗ್ಗಿನಲ್ಲಿ, ಅದರ ಬೆನ್ನಿಗೇ ಮೈಕಲ್ ಸ್ಮಿತ್ ಉಳಿದಿದ್ದ 141ನ್ನು ಟ್ರೆಬಲ್ 20, ಟ್ರೆಬಲ್ 19, ಡಬಲ್ 12 ಅಂತ ಮುಗಿಸಿ 501ಕ್ಕೆ ಸಾಧ್ಯವಿರುವ ಅತಿ ಕಡಿಮೆ, ಒಂಬತ್ತು ಡಾರ್ಟಿನ ಲೆಗ್ ಪೂರೈಸಿದ. ಅದೇ ಡಬಲ್, ಒಬ್ಬನಿಗೆ ಹೊರಗೆ, ಇನ್ನೊಬ್ಬನಿಗೆ ಒಳಗೆ. ಪಂದ್ಯ ಸ್ಮಿತ್‌ಗೆ 7-4. ಲಿಟ್ಲರ್ ಒಂದು ವರ್ಷ ಕಾದು 2025ರ ಜನವರಿ 3ರಂದು ಅದೇ ವೇದಿಕೆಯಲ್ಲಿ ವ್ಯಾನ್ ಗರ್ವೆನ್‌ನನ್ನು 7-3ರಿಂದ ಸೋಲಿಸಿ, 17ನೇ ವಯಸ್ಸಿಗೆ ಅತ್ಯಂತ ಕಿರಿಯ ವಿಶ್ವ ಚಾಂಪಿಯನ್ ಆದ. ಮೊದಲ ನಾಲ್ಕು ಸೆಟ್ಟೂ ಅವನವೇ, ಎದುರಾಳಿಗೆ ಉಸಿರಾಡಲು ಸಮಯವೇ ಸಿಗಲಿಲ್ಲ.

ಮನೆಯಲ್ಲಿ ಬೋರ್ಡ್ ಹಾಕಿಕೊಂಡು ಇದನ್ನೆಲ್ಲ ಕೈಯಿಂದ ತಿಳಿಯಬೇಕು ಅನ್ನುವವರಿಗೆ ಒಂದೆರಡು ಮಾತು. ಬೋರ್ಡಿನ ಮಧ್ಯದ ಬುಲ್ಲಿನ ನಡುಬಿಂದು ನೆಲದಿಂದ 1.73 ಮೀಟರ್ ಎತ್ತರ ಇರಲಿ. 2.37 ಮೀಟರನ್ನು ಗೋಡೆಯಿಂದ ಅಳೆಯುವುದೇ ಬಹಳ ಜನ ಮಾಡುವ ತಪ್ಪು. ಬೋರ್ಡಿನ ದಪ್ಪವೇ ಸುಮಾರು ನಾಲ್ಕು ಸೆಂಟಿಮೀಟರ್, ಅಷ್ಟು ಹತ್ತಿರದಿಂದ ಎಸೆದು ರೂಢಿಯಾದರೆ ಬೇರೆ ಕಡೆ ಎಲ್ಲವೂ ಕೆಳಗೆ ಬೀಳುತ್ತದೆ. ಗೆರೆ ಹಾಕಿದ ಮೇಲೆ ಬುಲ್ಲಿನಿಂದ ಗೆರೆಗೆ ಓರೆಯಾಗಿ ಟೇಪು ಹಿಡಿಯಿರಿ, 2.93 ಮೀಟರ್ ಬಂದರೆ ಸರಿ. ಒಳ್ಳೆಯ ಬೋರ್ಡ್ ಸೈಸಲ್ ನಾರಿನದು, ನಮ್ಮ ಬೇಲಿಯ ಕತ್ತಾಳೆಯ ಜಾತಿಯದೇ. ಡಾರ್ಟ್ ಕಿತ್ತಾಗ ನಾರು ತಾನೇ ಕೂಡಿಕೊಳ್ಳುತ್ತದೆ. ಅದಕ್ಕೆ ನೀರು ಚಿಮುಕಿಸಬಾರದು, ಮಳೆಗಾಲದಲ್ಲಿ ತೇವ ಹೀರುವ ಗೋಡೆಗೂ ಬೇಡ, ನಾರು ಉಬ್ಬಿ ಹಾಳಾಗುತ್ತದೆ. 20ರ ಜಾಗ ಸವೆಯುವ ಮುಂಚೆಯೇ ಅಂಕಿಯ ಬಳೆ ಬಿಚ್ಚಿ ಬೋರ್ಡನ್ನು ಎರಡು ಮನೆ ತಿರುಗಿಸಿ. ಒಂದೇ ಮನೆ ತಿರುಗಿಸಿದರೆ 20 ಕಪ್ಪು ಮನೆಯಲ್ಲಿ ಕೂರುವುದಿಲ್ಲ.

ಅಭ್ಯಾಸಕ್ಕೆ ಟ್ರೆಬಲ್ 20ಕ್ಕೇ ಗಂಟೆಗಟ್ಟಲೆ ಎಸೆಯುವುದಕ್ಕಿಂತ 1988ರ ವಿಶ್ವ ಚಾಂಪಿಯನ್ ಬಾಬ್ ಆ್ಯಂಡರ್ಸನ್ ಹೆಸರಿನ ಬಾಬ್ಸ್ 27 ಆಡಿ. 27 ಅಂಕದಿಂದ ಶುರು. ಡಬಲ್ 1ಕ್ಕೆ ಮೂರು ಡಾರ್ಟ್, ಬಿದ್ದ ಪ್ರತಿಯೊಂದಕ್ಕೂ 2 ಕೂಡಿಸಿ, ಮೂರೂ ತಪ್ಪಿದರೆ 2 ಕಳೆಯಿರಿ. ಡಬಲ್ 2ರಲ್ಲಿ 4, ಡಬಲ್ 3ರಲ್ಲಿ 6, ಹೀಗೆ 20ರವರೆಗೆ ಹೋಗಿ ಕೊನೆಗೆ ಬುಲ್. ಸೊನ್ನೆಗೆ ಇಳಿದರೆ ಆಟ ಮುಗಿಯಿತು. ಮೊದಲ ಡಾರ್ಟ್ ತಪ್ಪುವುದಾದರೆ ತಂತಿಯ ಹೊರಗೆ ತಪ್ಪಲಿ: ಪಂದ್ಯದಲ್ಲಿ ಅದೇ ಡಬಲ್ ಉಳಿಯುತ್ತದೆ, ನಾಟಿಕೊಂಡ ಡಾರ್ಟ್ ಮುಂದಿನದಕ್ಕೆ ಗುರುತಾಗುತ್ತದೆ. ಡಬಲ್ 2ರ ಸರದಿ ಬಂದಾಗ ಮೂರೂ ಡಾರ್ಟನ್ನು ಅವಸರವಿಲ್ಲದೆ ಎಸೆದು, ತಪ್ಪಿದವು ಯಾವ ಕಡೆ ಹೋದವು, 15ಕ್ಕೋ 17ಕ್ಕೋ, ಅಂತ ಒಂದು ವಾರ ಬರೆದಿಡಿ.