ಸತ್ಯಾಂಶ: '4ಕೆ ಸಪೋರ್ಟ್' ಅಂದರೆ 4ಕೆ ಟಿವಿ ಅಲ್ಲ

'32 ಇಂಚಿನ ಅಗ್ಗದ ಟಿವಿಯಲ್ಲೂ 4ಕೆ ಬರುತ್ತೆ, ಡಬ್ಬದ ಮೇಲೆ ಬರೆದಿದ್ರೆ ಸಾಕು, ಕೇಬಲ್ ಚಾನೆಲ್ಲೂ ಫಳಫಳ' ಎಂಬ ಸಂದೇಶ ದಾವಣಗೆರೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತದೆ. ಇದು ತಪ್ಪು.

ಡಬ್ಬದ ಮೇಲಿನ '4ಕೆ ಸಪೋರ್ಟ್' ಎಂದರೆ 4ಕೆ ವಿಡಿಯೊವನ್ನು ಟಿವಿ ಒಳಗೆ ತೆಗೆದುಕೊಳ್ಳುತ್ತದೆ, ಆದರೆ ತನ್ನ ಪರದೆಗೆ ತಕ್ಕಂತೆ ಇಳಿಸಿ ತೋರಿಸುತ್ತದೆ, ಅಷ್ಟೆ. ಮಂಡಿಪೇಟೆಯ ಅಂಗಡಿಯಲ್ಲಾಗಲಿ ಆನ್‌ಲೈನಲ್ಲಾಗಲಿ, ದೊಡ್ಡ ಅಕ್ಷರ ಬಿಟ್ಟು 'ರೆಸಲ್ಯೂಶನ್' (ಪರದೆಯಲ್ಲಿ ಅಡ್ಡಕ್ಕೆ, ಉದ್ದಕ್ಕೆ ಎಷ್ಟು ಚುಕ್ಕಿಗಳಿವೆ ಎಂಬ ಲೆಕ್ಕ) ಸಾಲು ಓದಿ. 1366×768 ಇದ್ದರೆ ಎಚ್‌ಡಿ ರೆಡಿ, 1920×1080 ಫುಲ್ ಎಚ್‌ಡಿ, 3840×2160 ಇದ್ದರೆ ಮಾತ್ರ 4ಕೆ.

ಹಾಗಂತ 32 ಇಂಚಿಗೆ 4ಕೆ ಬೇಕೂ ಇಲ್ಲ. ಆರೇಳು ಅಡಿ ದೂರ ಕೂತರೆ ಎಚ್‌ಡಿ ರೆಡಿ ಪರದೆಯ ಚುಕ್ಕಿಗಳೇ ಸಾಮಾನ್ಯ ಕಣ್ಣಿಗೆ ಕಾಣುವುದಿಲ್ಲ. 43 ಇಂಚಿನಲ್ಲೂ ಹತ್ತಡಿ ದೂರದಿಂದ ಫುಲ್ ಎಚ್‌ಡಿಗೂ 4ಕೆಗೂ ವ್ಯತ್ಯಾಸ ಹುಡುಕುವುದು ಕಷ್ಟ.

ಚಾನೆಲ್ ಮಸುಕಾಗಿದ್ದರೆ ಟಿವಿಯನ್ನು ಬೈಯುವ ಮೊದಲು ಹಿಂದಿನ ವೈರ್ ನೋಡಿ. ಸೆಟ್‌ಟಾಪ್ ಬಾಕ್ಸಿನಿಂದ ಹಳದಿ, ಕೆಂಪು, ಬಿಳಿ ಪಿನ್ ಹಾಕಿದ್ದರೆ ಎಚ್‌ಡಿ ಚಾನೆಲ್ ಕೂಡ ಎಸ್‌ಡಿ (ಎಚ್‌ಡಿಗಿಂತ ಕಡಿಮೆ ಸ್ಪಷ್ಟತೆಯ ಹಳೆಯ ಮಟ್ಟ) ಆಗಿಯೇ ಬರುತ್ತದೆ. ಎಚ್‌ಡಿ ಬಾಕ್ಸ್ ಮತ್ತು ಎಚ್‌ಡಿಎಂಐ ಕೇಬಲ್ ಎರಡೂ ಬೇಕು. ಎಸ್‌ಡಿ ಪ್ಯಾಕ್ ಇಟ್ಟುಕೊಂಡು ದೊಡ್ಡ 4ಕೆ ಟಿವಿ ತಂದರೆ ಚಿತ್ರ ಹಿಗ್ಗಿ ಇನ್ನಷ್ಟು ಮಸುಕಾಗುತ್ತದೆ.

ಉಳಿದ ದುಡ್ಡನ್ನು ಹೆಚ್ಚು ರ್‍ಯಾಮ್ (ಆ್ಯಪ್ ಓಡಿಸಲು ಬೇಕಾದ ಮೆಮೊರಿ) ಇರುವ ಟಿವಿಗೆ ಹಾಕಿ. 1 ಜಿಬಿ ಇರುವ ಸ್ಮಾರ್ಟ್ ಟಿವಿಯಲ್ಲಿ ಆ್ಯಪ್ ತೆರೆಯುವಷ್ಟರಲ್ಲಿ ಸಾಕುಸಾಕಾಗಿ ಹೋಗುತ್ತದೆ. 2 ಜಿಬಿ ವಾಸಿ.