ಸತ್ಯಾಂಶ: ಹೆಪ್ಪುಗಟ್ಟಿದ ನೆಲಕ್ಕೆ ಟ್ಯಾಂಕ್ ಓಡಿದರೆ ಏನೂ ಆಗುವುದಿಲ್ಲವೇ?

'ಹಿಮಪ್ರದೇಶದ ನೆಲ ಕಲ್ಲಿನಂತೆ ಗಟ್ಟಿ. ಸೇನೆ ಎಷ್ಟೇ ತರಬೇತಿ ನಡೆಸಲಿ, ಮುಂದಿನ ಹಿಮ ಬಿದ್ದರೆ ಎಲ್ಲ ಸರಿಹೋಗುತ್ತದೆ' ಎಂಬ ಸಂದೇಶ ಹರಿದಾಡುತ್ತಿದೆ. ಇದು ಅರ್ಧ ಮಾತ್ರ ನಿಜ.

ನಡುಚಳಿಗಾಲದಲ್ಲಿ, ಹಿಮ ದಪ್ಪವಾಗಿದ್ದಾಗ ಹಾನಿ ಕಡಿಮೆ ಎಂಬುದು ಸರಿ. ಆದರೆ ವಸಂತದಲ್ಲಿ ಮೇಲಿನ ಮಣ್ಣು ಮಾತ್ರ ಕರಗುತ್ತದೆ, ಕೆಳಗೆ ಇನ್ನೂ ಮಂಜುಗಡ್ಡೆ. ನೀರು ಇಂಗಲು ದಾರಿಯೇ ಇಲ್ಲ, ಅಲ್ವಾ? ಆಗ ಒಂದೇ ವಾಹನ ಸಾಕು, ಆಳವಾದ ಗಾಲಿಜಾಡು ಬೀಳುತ್ತದೆ.

ಅಲಾಸ್ಕಾದಂಥ ಕಡೆ ನೆಲದಡಿ ವರ್ಷಗಟ್ಟಲೆ ಕರಗದ ಪದರವಿದೆ. ಅದನ್ನು ಪರ್ಮಾಫ್ರಾಸ್ಟ್ ಎನ್ನುತ್ತಾರೆ. ಮೇಲಿನ ಪಾಚಿ ಅದಕ್ಕೆ ಕಂಬಳಿ ಇದ್ದಹಾಗೆ. ಪಾಚಿ ಕಿತ್ತರೆ ಒಳಗಿನ ಮಂಜು ಕರಗಿ ನೆಲ ಕುಸಿಯುತ್ತದೆ. ಗುಂಡಿಯಲ್ಲಿ ನಿಂತ ನೀರು ಬಿಸಿಲು ಹೀರಿ ಇನ್ನಷ್ಟು ಕರಗಿಸುತ್ತದೆ. 1940ರ ದಶಕದಲ್ಲಿ ಅಲಾಸ್ಕಾದ ಉತ್ತರದಲ್ಲಿ ವಾಹನಗಳು ಓಡಿದ ಗುರುತುಗಳು ಹಲವು ದಶಕಗಳ ನಂತರವೂ ಕಾಣುತ್ತಿದ್ದವು.

ಹಾಗಾಗಿ ಪಾಚಿಯನ್ನು ಕೀಳದೆ ಉಳಿಸಿಕೊಳ್ಳುವುದೇ ಮೊದಲ ಕೆಲಸ. ಆಮೇಲೆ ಜಾಡು ಮುಚ್ಚಿ, ಅಲ್ಲಿಯದೇ ಹುಲ್ಲಿನ ಬೀಜ ಬಿತ್ತಿ, ವಿಲೋ ಎಂಬ ಪೊದೆಗಿಡದ ಕಡ್ಡಿ ನೆಡುತ್ತಾರೆ. ಬೇಸಿಗೆ ಚಿಕ್ಕದು, ಬೆಳವಣಿಗೆ ನಿಧಾನ.

ರಾಸಾಯನಿಕವೂ ಸುಮ್ನೆ ಮಾಯವಾಗುವುದಿಲ್ಲ. ಅಲಾಸ್ಕಾದ ಈಗಲ್ ರಿವರ್ ಫ್ಲ್ಯಾಟ್ಸ್ ಜೌಗಿನಲ್ಲಿ ಸೇನೆ ಹಾರಿಸಿದ ಶೆಲ್‌ಗಳ (ಫಿರಂಗಿ ಗುಂಡುಗಳ) ಬಿಳಿ ರಂಜಕ ಎಂಬ ವಿಷಕಾರಿ ರಾಸಾಯನಿಕ ಕೆಸರಿನಲ್ಲಿ ಹಾಗೇ ಉಳಿದಿತ್ತು. ಅದನ್ನು ತಿಂದು ಬಾತುಕೋಳಿಗಳು ರಾಶಿರಾಶಿಯಾಗಿ ಸತ್ತವು, ನೆನೆದರೆ ಸಂಕಟವಾಗುತ್ತದೆ. ಕೊನೆಗೆ ಹೊಂಡಗಳ ನೀರನ್ನು ಪಂಪ್ ಮಾಡಿ ಕೆಸರನ್ನು ಒಣಗಿಸಿದರು. ಕೆಸರು ಒಣಗಿದ ಕಡೆ ರಂಜಕ ಆವಿಯಾಗಿ ಹೋಯಿತು.