ದೋಷ ಹುಡುಕುವ ಕೆಲಸಕ್ಕೆ ಕೂಲಿಯೇ ಇಲ್ಲವೆಂದಾದರೆ

ಬೇಸಿಗೆ ಕಾಲಿಟ್ಟೊಡನೆ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತು, "ಗ್ಯಾಸ್ ಖಾಲಿಯಾಗಿದೆ, ತುಂಬಿಸಬೇಕು." ಏಸಿ ತಣ್ಣಗೆ ಮಾಡುತ್ತಿಲ್ಲವೆಂದು ಕರೆದಾಗ ಬರುವವರಲ್ಲಿ ಅನೇಕರು ಹೊರಗಿನ ಯೂನಿಟ್ಟಿನ ಮುಚ್ಚಳವನ್ನೂ ತೆಗೆಯದೆ ಈ ತೀರ್ಪು ಕೊಟ್ಟುಬಿಡುತ್ತಾರೆ. ಏಸಿಯ ಗ್ಯಾಸ್ ಅಡುಗೆ ಸಿಲಿಂಡರಿನ ಗ್ಯಾಸಿನಂತೆ ಬಳಸಿದಷ್ಟೂ ತೀರುವ ವಸ್ತುವಲ್ಲ. ಮುಚ್ಚಿದ ಕೊಳವೆಗಳೊಳಗೆ ಅದೇ ಗ್ಯಾಸ್ ವರ್ಷಾನುಗಟ್ಟಲೆ ಸುತ್ತುತ್ತಿರುತ್ತದೆ. ಅದು ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಆ ಜಾಗವನ್ನು ಸೋಪಿನ ನೊರೆ ಹಚ್ಚಿ ಪತ್ತೆಮಾಡಿ, ಬೆಸುಗೆ ಹಾಕಿ, ವ್ಯಾಕ್ಯೂಮ್ ಪಂಪಿನಿಂದ ಕೊಳವೆಯೊಳಗಿನ ಗಾಳಿ ಮತ್ತು ತೇವವನ್ನು ಹೊರಗೆಳೆದು, ಯೂನಿಟ್ಟಿನ ಮೇಲೆ ನಮೂದಿಸಿರುವಷ್ಟೇ ಗ್ಯಾಸನ್ನು ತೂಗಿ ತುಂಬಬೇಕು. ಸೋರಿಕೆ ಹುಡುಕದೆ ಗ್ಯಾಸ್ ತುಂಬಿಸಿಕೊಂಡವರು ಮುಂದಿನ ಬೇಸಿಗೆಗೆ ಅದೇ ಹಣವನ್ನು ಮತ್ತೆ ತೆರುತ್ತಾರೆ.

ಕಳೆದ ಬೇಸಿಗೆಯಲ್ಲಿ ಮೈಸೂರಿನ ನನ್ನ ಅಕ್ಕನ ಮನೆಯಲ್ಲಿ ನಡೆದದ್ದು ಇನ್ನೂ ಕೆಟ್ಟದ್ದು. ಏಸಿಯ ಹೊರಗಿನ ಫ್ಯಾನ್ ತಿರುಗುತ್ತಿತ್ತು, ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಮಾತ್ರ ಒಂದು ಕ್ಷಣ ಗುಂಯ್‌ಗುಟ್ಟಿ ಸುಮ್ಮನಾಗುತ್ತಿತ್ತು. "ಕಂಪ್ರೆಸರ್ ಹೋಗಿದೆ ಮೇಡಂ, ಹೊಸದು ಹಾಕುವ ಬದಲು ಹೊಸ ಏಸಿಯನ್ನೇ ತಗೊಳ್ಳಿ" ಎಂದು ಮೊದಲು ಬಂದವರು ಹೇಳಿ ಹೋದರು. ಮರುದಿನ ಬಂದ ಹಿರಿಯ ಮೆಕ್ಯಾನಿಕ್ ಕರೆಂಟ್ ತೆಗೆಸಿ, ಮುಚ್ಚಳ ಬಿಚ್ಚಿ, ಕಂಪ್ರೆಸರಿಗೆ ಚಾಲನೆ ಕೊಡುವ ಕೆಪಾಸಿಟರಿನಲ್ಲಿ ಉಳಿದಿದ್ದ ವಿದ್ಯುತ್ತನ್ನು ಖಾಲಿಮಾಡಿ ಅದನ್ನು ಹೊರತೆಗೆದರು. ಅದರ ತಲೆ ಉಬ್ಬಿತ್ತು. ಮೀಟರ್ ಹಚ್ಚಿ, ಅದರ ಮೇಲೆ ಅಚ್ಚಾಗಿದ್ದ ಸಾಮರ್ಥ್ಯದ (ಮೈಕ್ರೋಫ್ಯಾರಡ್) ಅಂಕಿಯನ್ನೂ ಮೀಟರಿನಲ್ಲಿ ಕಂಡ ಅಂಕಿಯನ್ನೂ ಅಕ್ಕನಿಗೆ ತೋರಿಸಿದರು, ಅರ್ಧದಷ್ಟೂ ಉಳಿದಿರಲಿಲ್ಲ. ಕೆಲವು ನೂರು ರೂಪಾಯಿಯ ಆ ಭಾಗ ಬದಲಾದ ಮೇಲೆ ಕಂಪ್ರೆಸರ್ ಎಂದಿನಂತೆ ಓಡಿತು. ಮೊದಲು ಬಂದವರು ಮೀಟರನ್ನು ಚೀಲದಿಂದ ತೆಗೆದಿರಲೇ ಇಲ್ಲ.

ಇದನ್ನು ವ್ಯಕ್ತಿಯೊಬ್ಬರ ಅಪ್ರಾಮಾಣಿಕತೆ ಎಂದಷ್ಟೇ ನೋಡಿದರೆ ರೋಗದ ಮೂಲ ಸಿಗುವುದಿಲ್ಲ. ನಮ್ಮಲ್ಲಿ ದೋಷ ಪತ್ತೆಹಚ್ಚುವ ಕೆಲಸಕ್ಕೆ ಯಾರೂ ಹಣ ಕೊಡುವುದಿಲ್ಲ. ಒಂದು ಗಂಟೆ ಕುಳಿತು, ವಾಷಿಂಗ್ ಮೆಷಿನ್ನಿನ ಡ್ರೈನ್ ಪಂಪಿನಲ್ಲಿ ಸಿಕ್ಕಿಕೊಂಡ ನಾಣ್ಯವನ್ನು ತೆಗೆದುಕೊಟ್ಟವರೊಡನೆ "ಯಾವ ಪಾರ್ಟೂ ಹಾಕಿಲ್ಲವಲ್ಲ, ಇಷ್ಟೇಕೆ?" ಎಂದು ಚೌಕಾಸಿ ಮಾಡುತ್ತೇವೆ. ಹೊಸ ಸರ್ಕ್ಯೂಟ್ ಬೋರ್ಡ್ ಹಾಕಿದವರಿಗೆ ಅದರ ಹತ್ತು ಪಟ್ಟು ಹಣವನ್ನು ಮರುಮಾತಿಲ್ಲದೆ ಎಣಿಸುತ್ತೇವೆ. ಭಾಗ ಮಾರಿದರೆ ಮಾತ್ರ ಆ ದಿನದ ಸಂಪಾದನೆ ಎಂಬ ಸ್ಥಿತಿಯಲ್ಲಿರುವವರಿಗೆ ಪ್ರತಿಯೊಂದು ದೋಷವೂ ಭಾಗದ ದೋಷವಾಗಿಯೇ ಕಾಣುತ್ತದೆ. ಮೋಸಕ್ಕೆ ಇದು ಸಮರ್ಥನೆಯಲ್ಲ, ಆದರೆ ಮೋಸ ಬೆಳೆಯುವ ನೆಲ ಇದೇ.

ಕಂಪನಿಗಳ ಪಾಲು ಇನ್ನೂ ದೊಡ್ಡದು. ಬೋರ್ಡಿನಲ್ಲಿ ಒಂದು ರಿಲೇ (ವಿದ್ಯುತ್ತಿನಿಂದ ನಡೆಯುವ ಪುಟ್ಟ ಸ್ವಿಚ್ಚು) ಸುಟ್ಟಿದ್ದರೂ ಅಧಿಕೃತ ಸೇವೆಯವರು ಸಾಮಾನ್ಯವಾಗಿ ಇಡೀ ಬೋರ್ಡನ್ನೇ ಬದಲಿಸುತ್ತಾರೆ. ರಿಲೇಯನ್ನಷ್ಟೇ ಬದಲಿಸಬಲ್ಲ ಹೊರಗಿನ ಕುಶಲಿಗೆ ಸರ್ಕ್ಯೂಟ್ ನಕ್ಷೆ ದಕ್ಕುವುದಿಲ್ಲ. ಕಾರುಗಳ ವಿಷಯದಲ್ಲಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ ಇದನ್ನೇ ತಪ್ಪೆಂದು ಎತ್ತಿತೋರಿಸಿ, ಬಿಡಿಭಾಗ ಮತ್ತು ದುರಸ್ತಿ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತ್ತು. ಕಂಪನಿಗಳು ಮೇಲ್ಮನವಿಯ ದಾರಿ ಹಿಡಿದವು. ದುರಸ್ತಿಯ ಹಕ್ಕಿಗಾಗಿ ಕೇಂದ್ರ ಸರ್ಕಾರ 2022ರಲ್ಲಿ ಸಮಿತಿಯನ್ನೂ ಜಾಲತಾಣವನ್ನೂ ರೂಪಿಸಿದ್ದು ಒಳ್ಳೆಯದೇ. ಆದರೆ ಮಾಹಿತಿ ಕೊಡುವುದು ಕಂಪನಿಯ ಇಚ್ಛೆಗೆ ಬಿಟ್ಟ ವಿಷಯವಾಗಿರುವವರೆಗೆ ನನಗೆ ಸಮಾಧಾನವಿಲ್ಲ. ಸರ್ವಿಸ್ ಮ್ಯಾನುಯಲ್ ಮತ್ತು ಬಿಡಿಭಾಗದ ಬೆಲೆಪಟ್ಟಿಯನ್ನು ಪ್ರಕಟಿಸುವುದು ಕಾನೂನಿನ ಕಡ್ಡಾಯವಾಗಬೇಕು.

ಅಲ್ಲಿಯವರೆಗೆ ನಾನು ಪರಿಚಯದವರಿಗೆಲ್ಲ ಹೇಳುವುದು ಇಷ್ಟು. ಮೆಕ್ಯಾನಿಕ್ ಬರುವ ಮೊದಲೇ, ಭಾಗ ಹಾಕಿದರೂ ಹಾಕದಿದ್ದರೂ ದೋಷ ಹುಡುಕಿದ್ದಕ್ಕೆ ಇಂತಿಷ್ಟು ಕೊಡುತ್ತೇವೆಂದು ಫೋನಿನಲ್ಲಿಯೇ ಒಪ್ಪಿಕೊಳ್ಳಿ, ಮತ್ತು ಅದನ್ನು ಧಾರಾಳವಾಗಿ ಕೊಡಿ. ಭಾಗ ಕೆಟ್ಟಿದೆ ಎಂದರೆ ಅಳತೆಯನ್ನು ಮೀಟರಿನಲ್ಲಿ ತೋರಿಸುವಂತೆ ಕೇಳಿ. ತೆಗೆದ ಹಳೆಯ ಭಾಗವನ್ನು ಮನೆಯಲ್ಲೇ ಉಳಿಸಿಕೊಳ್ಳಿ. ವಾರಂಟಿ ಬದಲಾವಣೆಯಾಗಿದ್ದು ಕಂಪನಿಗೆ ಹಿಂದಿರುಗಿಸಬೇಕಾದರೆ ಫೋಟೋ ತೆಗೆದಿಡಿ. ಭಾಗದ ಹೆಸರು, ಸಂಖ್ಯೆಗಳಿರುವ ಬಿಲ್ ಇಲ್ಲದೆ ಹಣ ಕೊಡಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದೂ ಅನುಚಿತ ವ್ಯಾಪಾರ ಪದ್ಧತಿಯೇ. ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.